ಬ್ರೇಕ್ ಗಟ್ಟಿಯಾದರೆ ಮೊದಲು ವಾಲ್ವ್ ನೋಡಿ

ಮಾನ್ಯ ಸಂಪಾದಕರೇ,

15 ವರ್ಷ ದಾಟಿದ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಬ್ರೇಕ್ ಪೆಡಲ್ ಗಟ್ಟಿಯಾಯಿತು ಎಂದೊಡನೆ ಪ್ಯಾಡ್ ಬದಲಿಸುವುದು, ಅದಕ್ಕೂ ಸರಿಹೋಗದಿದ್ದರೆ ಕಾಲಿನ ಬಲ ಹೆಚ್ಚಿಸುವ ಬ್ರೇಕ್ ಬೂಸ್ಟರನ್ನೇ ಕಿತ್ತು ಹೊಸದು ಹಾಕುವುದು ರೂಢಿಯಾಗಿಬಿಟ್ಟಿದೆ. ಬೂಸ್ಟರ್ ಎಂದರೆ ಸಾವಿರಗಟ್ಟಲೆ ಖರ್ಚು. ಎಷ್ಟೋ ಸಲ ಕೆಟ್ಟಿರುವುದು ಬೂಸ್ಟರಿಗೆ ಬರುವ ಪೈಪಿನ ತುದಿಯಲ್ಲಿ ಕೂತಿರುವ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ, ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಚೆಕ್ ವಾಲ್ವ್ ಮಾತ್ರ.

ಪೆಟ್ರೋಲ್ ಎಂಜಿನ್ ಐಡ್ಲಿಂಗಿನಲ್ಲಿರುವಾಗ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಗಾಳಿ ಎಂಜಿನ್ ಒಳಗೆ ಹೋಗುವ ಕೊಳವೆಯಲ್ಲಿ, ಪಾದರಸದ ಲೆಕ್ಕದಲ್ಲಿ 18ರಿಂದ 21 ಇಂಚು ವ್ಯಾಕ್ಯೂಮ್ (ಗಾಳಿಯ ಒತ್ತಡ ತಗ್ಗಿದ ಸ್ಥಿತಿ) ಇರುತ್ತದೆ. ಇದು ಕರಾವಳಿಯ ಲೆಕ್ಕ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ 19 ತೋರಿಸಿದ ಗೇಜು ಬೆಂಗಳೂರಿನಲ್ಲಿ 16 ತೋರಿಸಿದರೆ ಎಂಜಿನ್ ಕೆಟ್ಟಿದೆ ಎಂದಲ್ಲ. ಈ ವ್ಯಾಕ್ಯೂಮೇ ಬೂಸ್ಟರಿನೊಳಗಿನ ರಬ್ಬರ್ ಡಯಾಫ್ರಾಮಿನ ಮೂಲಕ ನಮ್ಮ ಕಾಲಿನ ಬಲವನ್ನು ಹೆಚ್ಚಿಸುವುದು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ಆಗ ಬೂಸ್ಟರಿನಲ್ಲಿರುವ ವ್ಯಾಕ್ಯೂಮ್ ಸೋರದಂತೆ ತಡೆಯುವುದೇ ಚೆಕ್ ವಾಲ್ವಿನ ಕೆಲಸ. ಗಾಳಿ ಬೂಸ್ಟರಿನಿಂದ ಎಂಜಿನ್ ಕಡೆಗೆ ಹೋಗಬೇಕು, ಹಿಂದಕ್ಕೆ ಬರಬಾರದು.

ಬಾನೆಟ್ಟಿನ ಕಾವು ಮತ್ತು ಪೆಟ್ರೋಲ್ ಆವಿಗೆ ಒಳಗಿನ ರಬ್ಬರ್ ಬಿಲ್ಲೆ ಕಾಲಕ್ರಮೇಣ ಗಡುಸಾಗುತ್ತದೆ, ಅಂಚಿಗೆ ಮಸಿ ಕೂರುತ್ತದೆ. ಎಲ್‌ಪಿಜಿ ಕಿಟ್ ಹಾಕಿಸಿದ ಕಾರಿನಲ್ಲಿ ಇಂಧನ ಮ್ಯಾನಿಫೋಲ್ಡಿನಲ್ಲೇ ಹೊತ್ತಿ ಬ್ಯಾಕ್‌ಫೈರ್ ಆದರೆ ಒಂದೇ ಏಟಿಗೆ ವಾಲ್ವ್ ಹಾಳಾಗುವುದೂ ಉಂಟು. ವಾಲ್ವ್ ಮುಚ್ಚಿಕೊಂಡೇ ಕಚ್ಚಿಕೊಂಡರೆ ಪೆಡಲ್ ಸದಾ ಗಟ್ಟಿ. ತೆರೆದುಕೊಂಡೇ ನಿಂತರೆ ಪತ್ತೆ ಕಷ್ಟ: ಗ್ಯಾರೇಜಿನಲ್ಲಿ ಐಡ್ಲಿಂಗಿನಲ್ಲಿ ಒತ್ತಿ ನೋಡಿದಾಗ ಎಲ್ಲ ಸರಿ, ಏರು ಹತ್ತಿದ ಬೆನ್ನಿಗೇ ಬ್ರೇಕ್ ಹಾಕಿದರೆ ಮಾತ್ರ ಗಟ್ಟಿ. ಗಿರಾಕಿ ಸುಮ್ಮನೆ ಹೇಳುತ್ತಿದ್ದಾನೆ ಎಂದು ಮೆಕ್ಯಾನಿಕ್ ಅಂದುಕೊಳ್ಳುವುದು ಇಲ್ಲೇ.

ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಎಂಜಿನ್ ಎರಡು ನಿಮಿಷ ಓಡಿಸಿ ಆರಿಸಿ, ಐದು ನಿಮಿಷ ಬಿಟ್ಟು ಪೆಡಲ್ ಒತ್ತಿ. ಮೊದಲ ಎರಡು ಮೂರು ಸಲ ಮೆತ್ತಗೆ ಹೋಗಿ ಆಮೇಲೆ ಗಟ್ಟಿಯಾದರೆ ವಾಲ್ವ್ ಸರಿಯಿದೆ. ಮೊದಲ ಸಲವೇ ಗಟ್ಟಿಯಿದ್ದರೆ ವಾಲ್ವೋ ಪೈಪೋ ಬೂಸ್ಟರೋ ಸೋರುತ್ತಿದೆ, ಇಲ್ಲವೇ ವಾಲ್ವ್ ಮುಚ್ಚಿಕೊಂಡೇ ಕಚ್ಚಿಕೊಂಡಿದೆ. ಆಗ ವಾಲ್ವ್ ಬಿಚ್ಚಿ, ಒಂದು ತುಂಡು ಶುದ್ಧ ಪೈಪ್ ಸಿಕ್ಕಿಸಿ ಊದಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಎಂಜಿನ್ ಕಡೆಯಿಂದ ಒಂದಿಷ್ಟೂ ಹೋಗಬಾರದು. ವಾಲ್ವಿಗೆ ನೇರವಾಗಿ ಬಾಯಿ ಹಾಕಬೇಡಿ, ಒಳಗೆ ಪೆಟ್ರೋಲ್ ಆವಿ ಇರುತ್ತದೆ.

ಬದಲಿಸುವಾಗ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ಪೆಡಲನ್ನು ಗಟ್ಟಿಯಾಗುವವರೆಗೆ ಐದಾರು ಸಲ ಒತ್ತಿ ವ್ಯಾಕ್ಯೂಮ್ ಖಾಲಿ ಮಾಡಿ. ಕ್ಲಿಪ್ ಸರಿಸಿ, ಪೈಪನ್ನು ಎಳೆಯದೆ ತಿರುಚಿ ಬಿಡಿಸಿ. ಅಂಟಿಕೊಂಡಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಹೊಸ ಪೈಪ್ ಹಾಕುವುದೇ ಲೇಸು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ವಾಲ್ವ್ ಕೂರುವ ರಬ್ಬರ್ ಉಂಗುರ (ಗ್ರೊಮೆಟ್) ಬೂಸ್ಟರಿನೊಳಗೆ ಬೀಳುತ್ತದೆ. ಅದನ್ನು ತೆಗೆಯುವ ಪಾಡು ಬೇಡ. ವಾಲ್ವಿನ ಜೊತೆ ಗ್ರೊಮೆಟ್ಟನ್ನೂ ಹೊಸದಾಗಿ ಹಾಕಿ. ಕೂರಿಸಲು ಸಾಬೂನು ನೀರು ಸಾಕು, ಎಂಜಿನ್ ಆಯಿಲ್, ಗ್ರೀಸ್ ತಾಗಿಸಿದರೆ ರಬ್ಬರ್ ಉಬ್ಬುತ್ತದೆ. ಕೆಲವು ಕಾರುಗಳಲ್ಲಿ ವಾಲ್ವ್ ಪೈಪಿನ ನಡುವೆಯೇ ಇರುತ್ತದೆ. ಅದರ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಪೈಪ್ ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗೋಡೆಯದ್ದಾಗಿರಲಿ, ಸಾದಾ ನೀರಿನ ಪೈಪ್ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ಕೊಳ್ಳುವವರು ಹಳೆಯ ವಾಲ್ವನ್ನೇ ಕೈಯಲ್ಲಿ ಹಿಡಿದು ಹೋಗಿ, ಮೂತಿಯ ಅಳತೆ ತಾಳೆ ನೋಡಿ ತರುವುದು ಒಳ್ಳೆಯದು.

ವಾಲ್ವ್ ತೆಗೆದಾಗ ಆ ತೂತಿನೊಳಗೆ ಬಿಳಿ ಬಟ್ಟೆ ಸುತ್ತಿದ ತಂತಿ ಇಳಿಸಿ ನೋಡಿ. ಬಟ್ಟೆಗೆ ಬ್ರೇಕ್ ಆಯಿಲ್ ಹತ್ತಿದರೆ, ಪೆಡಲ್ ಒತ್ತಿದಾಗ ಆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ, ವಾಲ್ವ್ ಬದಲಿಸಿ ಸುಮ್ಮನಾಗುವಂತಿಲ್ಲ. ಡೀಸೆಲ್ ಗಾಡಿಯಲ್ಲಿ ಮ್ಯಾನಿಫೋಲ್ಡಿನಿಂದ ಸಾಕಷ್ಟು ವ್ಯಾಕ್ಯೂಮ್ ಸಿಗದು, ಪ್ರತ್ಯೇಕ ಪಂಪ್ ಇರುತ್ತದೆ. ಹಳೆಯ ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಇಂಥ ಗಾಡಿಯ ವ್ಯಾಕ್ಯೂಮ್ ಪೈಪಿನಲ್ಲಿ ಎಂಜಿನ್ ಆಯಿಲ್ ಕಂಡರೆ ಪಂಪ್ ಕಡೆಯ ವಾಲ್ವನ್ನೂ ಪಂಪನ್ನೂ ನೋಡಲೇಬೇಕು.

ಡೀಸೆಲ್ ಉಳಿಸಲು ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಇಳಿಯುವವರಿಗೆ ಒಂದು ಮಾತು. ವಾಲ್ವ್ ಹೊಸದಾಗಿದ್ದರೂ ಬೂಸ್ಟರಿನಲ್ಲಿ ಉಳಿಯುವುದು ಎರಡು ಮೂರು ಬ್ರೇಕಿಗೆ ಆಗುವಷ್ಟೇ. ಆಮೇಲೆ ಬ್ರೇಕ್ ಇರುತ್ತದೆ, ಆದರೆ ಕಾಲಿಗೆ ಹಲವು ಪಟ್ಟು ಬಲ ಬೇಕು. ವಾಲ್ವ್ ಕೆಟ್ಟಿದ್ದರೆ ಆ ಎರಡು ಮೂರು ಬ್ರೇಕೂ ಇಲ್ಲ.

ಖಾಸಗಿ ಕಾರುಗಳ ನೋಂದಣಿಯನ್ನು 15 ವರ್ಷದ ನಂತರ ನವೀಕರಿಸುವಾಗ ಗಾಡಿ ತಪಾಸಣೆಗೆ ಬಂದೇ ಬರುತ್ತದೆ. ಎಂಜಿನ್ ಆರಿಸಿ ಪೆಡಲ್ ಒತ್ತಿ ನೋಡುವ ಈ ಪರೀಕ್ಷೆಯನ್ನು ಸಾರಿಗೆ ಇಲಾಖೆ ಅಲ್ಲಿ ಕಡ್ಡಾಯ ಮಾಡಲಿ, ಫಲಿತಾಂಶವನ್ನು ತಪಾಸಣೆ ಪತ್ರದಲ್ಲೇ ಬರೆದುಕೊಡಲಿ.

– ಒಬ್ಬ ಮೆಕ್ಯಾನಿಕ್, ಸಕಲೇಶಪುರ