ನಗರ ಬಸ್ ನಿಲ್ದಾಣದಲ್ಲಿ ಸಿಕ್ಕ ಅಮ್ಮನಿಗೆ

ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ನಮ್ಮ ಅತ್ತೆಯವರ ಊರುಗೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿದ ಅಮ್ಮಾ, ನಿಮಗೆ ಧನ್ಯವಾದ. ನೋವು ಬಲ ಮಂಡಿಯಲ್ಲಿದ್ದರೆ ಕೋಲು ಎಡಗೈಯಲ್ಲಿರಬೇಕು, ಆಗಲೇ ಮಂಡಿಯ ಭಾರ ತಗ್ಗುವುದು ಎಂದಿರಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಬಸ್ಸಿನ ಮೆಟ್ಟಿಲಲ್ಲೇ ಹತ್ತಿಸಿ ಇಳಿಸಿ ತೋರಿಸಿದಿರಿ. ಕಂಡಕ್ಟರ್ ಕೂಡ ಸೀಟಿ ಊದದೆ ಕಾದರು, ಅದೂ ಅಪರೂಪವೇ! ಸವೆದ ಕೀಲು ಎಣ್ಣೆ ತಿಕ್ಕಿದ ಮಾತ್ರಕ್ಕೆ ಮೊದಲಿನಂತಾಗದು, ತೊಡೆಯ ಸ್ನಾಯು ಬಲಿಯಬೇಕು ಎಂದು ನೀವು ಗದರಿದ್ದು ಅತ್ತೆಯವರಿಗೆ ಚೆನ್ನಾಗಿ ನಾಟಿದೆ. ಈಗ ಧಾರಾವಾಹಿ ನೋಡುತ್ತಲೇ ಕುರ್ಚಿಯಲ್ಲಿ ಕುಳಿತು ಕಾಲು ನೀಡಿ ಹಿಡಿಯುತ್ತಾರೆ. ಸೊಸೆ ಹೇಳಿದ್ದರೆ ಕೇಳುತ್ತಿದ್ದರೇ? ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಾಗಲಿಲ್ಲ. ಅತ್ತೆಯವರ ನಮಸ್ಕಾರವನ್ನೂ ಸೇರಿಸಿ ಸ್ವೀಕರಿಸಿ.