ನೀಲಿ ಸ್ವೆಟರಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳೋದೇ ಮರೆತೆ. ಮೈಸೂರಿನ ಆಸ್ಪತ್ರೆಯೊಂದರ ಬಿಲ್ ಕೌಂಟರ್ ಪಕ್ಕ, ಮಡಿಲಲ್ಲಿ ಟಿಫನ್ ಕ್ಯಾರಿಯರ್ ಇಟ್ಟುಕೊಂಡು ಕೂತಿದ್ದಿರಲ್ಲ, ಇದು ನಿಮಗೆ.

ಸೋಮವಾರಪೇಟೆ ಕಡೆಯ ತೋಟದಲ್ಲಿ ಕರಿಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಪ್ರತಿ ತಿರುವಿಗೂ ಅಪ್ಪ ಹಲ್ಲು ಕಚ್ಚುತ್ತಿದ್ದರು. ಕೌಂಟರಿನಲ್ಲಿ ಮೊದಲು ಕೇಳಿದ್ದು ಅಡ್ವಾನ್ಸ್. ನಾನು ಅಮ್ಮನ ಬಳೆ ಲೆಕ್ಕ ಹಾಕುತ್ತಿದ್ದೆ.

'ರೇಷನ್ ಕಾರ್ಡ್ ಇದೆಯಾ? ಸರ್ಕಾರಿ ಆಸ್ಪತ್ರೆಯವರು ಇಲ್ಲಿಗೆ ಕಳಿಸುವ ಚೀಟಿ ಕೊಟ್ಟಿಲ್ವಾ?' ಅಂದಿರಿ. ಪ್ಯಾಂಟ್ ಜೇಬಿನಲ್ಲಿ ಎಂಟು ಮಡಿಕೆಯಾಗಿತ್ತು ಆ ಚೀಟಿ. ಬೆವರಿಗೆ ಅರ್ಧ ಅಳಿಸಿತ್ತು. ನೀವು ಅದನ್ನು ಮೊಣಕಾಲ ಮೇಲೆ ಹರಡಿ, ಅಂಗೈಯಲ್ಲಿ ಉಜ್ಜಿ ಸಪಾಟು ಮಾಡಿದಿರಿ. ಆಮೇಲೆ ನನ್ನನ್ನು ಆರೋಗ್ಯಮಿತ್ರರ, ಅಂದರೆ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಗೆ ನೆರವಾಗುವವರ, ಮೇಜಿಗೆ ಎಳೆದುಕೊಂಡೇ ಹೋದಿರಿ.

ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಇದನ್ನು ಕೌಂಟರಿನವರು ಯಾಕೆ ಹೇಳಲಿಲ್ಲ? ನಾನು ಕೈಮುಗಿದು ನಿಂತಿದ್ದಕ್ಕೆ ನೀವು ಗದರಿದಿರಿ: 'ಭಿಕ್ಷೆ ಅಲ್ಲ ಕಣಪ್ಪ, ನಿನ್ನ ಹಕ್ಕು.' ತುರ್ತು ಚಿಕಿತ್ಸೆ ಬದುಕುವ ಹಕ್ಕಿನೊಳಗೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆಯಂತೆ. ಊರಿಗೆ ಬಂದಮೇಲೆ ಓದಿದೆ. ತೀರ್ಪು ಇದ್ದರೂ ದಾರಿ ತೋರಿಸೋಕೆ ಪಕ್ಕದ ಬೆಂಚಿನವರೇ ಬೇಕಾಯ್ತು, ಅಲ್ವಾ?

ಅಂದು ನಿಮ್ಮವರು ಯಾರು ಒಳಗಿದ್ದರೋ, ಅದನ್ನೂ ಕೇಳಲಿಲ್ಲ. ಕ್ಷಮಿಸಿ.

ಅಪ್ಪ ಈಗ ಕೋಲು ಹಿಡಿದು ಕಣದವರೆಗೆ ನಡೆಯುತ್ತಾರೆ. ಒಣಗಿದ ಮೆಣಸು ಒಂದು ಕಿಲೋ ನಿಮಗೆಂದು ಕಟ್ಟಿಟ್ಟಿದ್ದೇವೆ.