ಕಪ್ ಯಾವ ದೇಶದ್ದು?

ಪ್ರಿಯ ಓದುಗರೇ,

ಈ ಸಂಚಿಕೆಯಿಂದ ನಮ್ಮ ಅಡುಗೆ ಪುಟಕ್ಕೆ ಒಂದು ನಿಯಮ ತರುತ್ತಿದ್ದೇವೆ. ಅಡುಗೆ ಬರೆದು ಕಳಿಸುವವರು ‘ಒಂದು ಕಪ್’ ಎಂದಷ್ಟೇ ಬರೆದರೆ ಸಾಲದು. ಎಷ್ಟು ಗ್ರಾಂ, ಎಷ್ಟು ಮಿಲಿಲೀಟರ್ ಎಂಬುದನ್ನೂ ಸೇರಿಸಬೇಕು. ದೀಪಾವಳಿ ಹತ್ತಿರ ಬಂತು. ನ್ಯೂಜೆರ್ಸಿಯ ಅಕ್ಕ ಬರೆದ ಅಳತೆ, ಸಿಡ್ನಿಯ ಅತ್ತಿಗೆ ಕಳಿಸಿದ ಅಳತೆ, ಮೈಸೂರಿನಿಂದ ಅಮ್ಮ ಫೋನಿನಲ್ಲಿ ಹೇಳಿದ ಅಳತೆ, ಮೂರೂ ಇಲ್ಲಿ ಇಂಗ್ಲೆಂಡಿನ ಒಂದೇ ಬಾಣಲೆಗೆ ಬಂದು ಬೀಳುವ ಕಾಲ ಇದು. ಎಲ್ಲರ ಬಾಯಲ್ಲೂ ಅದೇ ಇಂಗ್ಲಿಷ್ ಪದಗಳು. ಆದರೆ ಆ ಪದ ಕೊಟ್ಟು ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಸಾಮಾನು ಮಾತ್ರ ಊರಿಗೊಂದು ಥರ. ತುಪ್ಪ, ಸಕ್ಕರೆ ಖರ್ಚಾದ ಮೇಲೆ ಅದು ತಿಳಿಯುವಂತಾಗಬಾರದು.

ಅಮೆರಿಕದ ಕಪ್ ಸುಮಾರು 237 ಮಿ.ಲೀ., ಆಸ್ಟ್ರೇಲಿಯಾದ್ದು 250 ಮಿ.ಲೀ. ನಿಜ ಹೇಳಬೇಕೆಂದರೆ ಈ ವ್ಯತ್ಯಾಸದಿಂದ ನಮ್ಮ ಹಳೆಯ ಅಡುಗೆಗಳು ಕೆಡುವುದು ಕಡಿಮೆ. ಒಂದು ಪಾವು ಅಕ್ಕಿಗೆ ಎರಡು ಪಾವು ನೀರು, ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ ಎನ್ನುವುದು ಪಾಲಿನ ಲೆಕ್ಕ. ಲೋಟ ಯಾವುದಾದರೇನು, ಕೊನೆಯವರೆಗೆ ಅದೇ ಲೋಟ ಇದ್ದರೆ ಆಯಿತು. ಎಡವಟ್ಟಾಗುವುದು ಕಪ್ಪಿನ ಜೊತೆಗೆ ಡಬ್ಬಿಯೋ ಪೊಟ್ಟಣವೋ ಸೇರಿದಾಗ. ಅಮೆರಿಕದವರು ‘ಒಂದು ಸ್ಟಿಕ್ ಬೆಣ್ಣೆ’ ಎಂದರೆ 113 ಗ್ರಾಂ. ಇಲ್ಲಿಯ 250 ಗ್ರಾಂ ಕಟ್ಟಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ‘ಒಂದು ಡಬ್ಬಿ ಇವಾಪೊರೇಟೆಡ್ ಹಾಲು’ ಅಲ್ಲಿ 354 ಮಿ.ಲೀ., ಇಲ್ಲಿಯ ಡಬ್ಬಿ 410 ಗ್ರಾಂ. ಆ ಡಬ್ಬಿಯನ್ನು ಪೂರ್ತಿ ಸುರಿದರೆ ಬರ್ಫಿ ಬೇಗ ಗಟ್ಟಿಯಾಗುವುದಿಲ್ಲ, ಮಗುಚಿ ಮಗುಚಿ ಕೈ ಸೋಲುತ್ತದೆ. ಕಂಡೆನ್ಸ್ಡ್ ಹಾಲಿಗೆ ಈ ಚಿಂತೆ ಇಲ್ಲ. ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ ಮೂರರಲ್ಲೂ ಡಬ್ಬಿ 395 ಗ್ರಾಂ ಆಸುಪಾಸಿನದೇ.

ಕಪ್ಪಿಗಿಂತ ಹೆಚ್ಚು ತೊಂದರೆ ಕೊಡುವುದು ಟೇಬಲ್ ಸ್ಪೂನ್. ಇಲ್ಲಿ, ಅಮೆರಿಕದಲ್ಲಿ, ನ್ಯೂಜಿಲೆಂಡಿನಲ್ಲಿ ಅದು 15 ಮಿ.ಲೀ., ಅಂದರೆ ಮೂರು ಟೀ ಚಮಚ. ಆಸ್ಟ್ರೇಲಿಯಾದಲ್ಲಿ 20 ಮಿ.ಲೀ., ನಾಲ್ಕು ಟೀ ಚಮಚ. ಸಿಡ್ನಿಯಿಂದ ಬಂದ ಅಳತೆಯಲ್ಲಿ ಮೂರು ಟೇಬಲ್ ಸ್ಪೂನ್ ಎಂದಿದ್ದರೆ ಇಲ್ಲಿ ನಾಲ್ಕು ಹಾಕಬೇಕು. ಇಲ್ಲಿಂದ ಅಲ್ಲಿಗೆ ಹೋದ ಅಳತೆಯಲ್ಲಿ ಉಪ್ಪು, ಬೇಕಿಂಗ್ ಪೌಡರ್ ಮೂರರಲ್ಲೊಂದು ಪಾಲು ಹೆಚ್ಚಾಗುತ್ತದೆ. ಕೇಕು ಉಬ್ಬಿ, ನಡುವೆ ಕುಸಿದು, ನಾಲಿಗೆಗೆ ಸೋಡಾದ ಕಹಿ ಬರುವುದಕ್ಕೆ ಅಷ್ಟು ಸಾಕು. ಟೀ ಚಮಚ ಮಾತ್ರ ಎಲ್ಲೆಡೆ 5 ಮಿ.ಲೀ. ಹಾಗಾಗಿ ಸಣ್ಣ ಅಳತೆಗಳನ್ನೆಲ್ಲ ಟೀ ಚಮಚದಲ್ಲೇ ಬರೆಯಿರಿ. ಒಲೆಯ ಬಿಸಿಯಲ್ಲೂ ಅಷ್ಟೇ: ಅಮೆರಿಕದ 350 ಎಂದರೆ ಫ್ಯಾರನ್‌ಹೀಟ್. ಇಲ್ಲಿ ಅದು 180 ಸೆಲ್ಸಿಯಸ್, ಫ್ಯಾನ್ ಇರುವ ಓವನ್ನಿಗೆ 160, ಗ್ಯಾಸ್ ಓವನ್ನಿನಲ್ಲಿ 4ನೇ ಗುರುತು.

ಹಿಟ್ಟಿನ ವಿಷಯಕ್ಕೆ ಬನ್ನಿ. ಮೈದಾ ಬೇಕಿದ್ದರೆ ಇಲ್ಲಿ, ಆಸ್ಟ್ರೇಲಿಯಾದಲ್ಲಿ ‘ಪ್ಲೇನ್ ಫ್ಲೋರ್’. ಅಮೆರಿಕದಲ್ಲಿ ‘ಆಲ್ ಪರ್ಪಸ್’. ಅದೇ ಕಪಾಟಿನಲ್ಲಿ, ಅದೇ ಗಾತ್ರದ ಚೀಲದಲ್ಲಿ ‘ಸೆಲ್ಫ್ ರೈಸಿಂಗ್’ ಕೂತಿರುತ್ತದೆ. ಅದರಲ್ಲಿ ಬೇಕಿಂಗ್ ಪೌಡರ್ ಆಗಲೇ ಬೆರೆತಿದೆ. ಅಮೆರಿಕದ ಚೀಲದಲ್ಲಿ ಉಪ್ಪೂ ಇರುತ್ತದೆ. ಹೋಳಿಗೆಯ ಕಣಕಕ್ಕೆ ಇದನ್ನು ಹಾಕಿದರೆ ಕಾವಲಿಯ ಮೇಲೆ ಕಣಕ ಉಬ್ಬಿ ಹೂರಣ ಹೊರಬರುತ್ತದೆ. ಶಂಕರಪೋಳಿಗೆ ಹಾಕಿದರೆ ಒಳಗೆಲ್ಲ ತೂತಾಗಿ ಎಣ್ಣೆ ಕುಡಿಯುತ್ತದೆ. ಕಲಸುವಾಗ ವ್ಯತ್ಯಾಸವೇ ಕಾಣದು, ಬಿಸಿ ತಗಲಿದ ಮೇಲೆಯೇ ಗೊತ್ತಾಗುವುದು. ಕೇಕಿಗೆ ಸೆಲ್ಫ್ ರೈಸಿಂಗ್ ಬೇಕಾಗಿ ಮನೆಯಲ್ಲಿ ಮೈದಾ ಮಾತ್ರ ಇದ್ದರೆ 150 ಗ್ರಾಂಗೆ 2 ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ.

ಗೋಬಿ ಮಂಚೂರಿ ಮಾಡುವವರಿಗೆ ಕಾರ್ನ್‌ಫ್ಲೋರ್ ಎಂದರೆ ಬೆರಳಲ್ಲಿ ಒತ್ತಿದರೆ ಕಿರುಗುಟ್ಟುವ ಬಿಳಿ ಪುಡಿ. ಇಲ್ಲಿ, ಆಸ್ಟ್ರೇಲಿಯಾದಲ್ಲಿ ಆ ಹೆಸರೇ ನಡೆಯುತ್ತದೆ. ಅಮೆರಿಕದಲ್ಲಿ ಅದು ‘ಕಾರ್ನ್‌ಸ್ಟಾರ್ಚ್’. ಅಲ್ಲಿ ‘ಕಾರ್ನ್ ಫ್ಲೋರ್’ ಕೇಳಿದರೆ ನುಣ್ಣಗೆ ಬೀಸಿದ ಮೆಕ್ಕೆಜೋಳದ ಹಿಟ್ಟು ಕೊಡುತ್ತಾರೆ. ಅದರಲ್ಲಿ ಹೂಕೋಸು ಕರಿದರೆ ಗರಿ ಬರುವುದಿಲ್ಲ, ಸಾಸಿಗೆ ಹಾಕಿದರೆ ಹೊಳಪೂ ಬರುವುದಿಲ್ಲ. ಕೊತ್ತಂಬರಿಯೂ ಹೀಗೇ ದಾರಿ ತಪ್ಪಿಸುತ್ತದೆ. ಅಮೆರಿಕದವರ ಬರಹದಲ್ಲಿ ‘ಕೊರಿಯಾಂಡರ್’ ಎಂದರೆ ಬೀಜ ಅಥವಾ ಧನಿಯಾ ಪುಡಿ, ಸೊಪ್ಪಿಗೆ ‘ಸಿಲಾಂಟ್ರೊ’. ಇಲ್ಲಿ ಸುಮ್ಮನೆ ‘ಕೊರಿಯಾಂಡರ್’ ಎಂದರೆ ಸೊಪ್ಪಿನ ಕಟ್ಟೇ ಸಿಗುತ್ತದೆ.

ತರಕಾರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ: ಸೀಮೆ ಬದನೆಕಾಯಿ. ಹೆಸರಲ್ಲೇ ‘ಸೀಮೆ’ ಇದೆ. ಮೆಕ್ಸಿಕೊ ಕಡೆಯಿಂದ ಹೊರಟು ಊರೂರು ಸುತ್ತಿದ ಕಾಯಿ ಅದು, ಹೋದಲ್ಲೆಲ್ಲ ಹೊಸ ಹೆಸರು ಪಡೆಯಿತು. ಅಮೆರಿಕದಲ್ಲಿ ‘ಚಯೋಟಿ’, ಅಲ್ಲೇ ಲೂಸಿಯಾನದಲ್ಲಿ ‘ಮಿರ್ಲಿಟನ್’. ಆಸ್ಟ್ರೇಲಿಯಾದಲ್ಲಿ ‘ಚೋಕೊ’, ಜಮೈಕಾದವರಿಗೆ ‘ಚೋ ಚೋ’, ಟ್ರಿನಿಡಾಡಿನವರಿಗೆ ‘ಕ್ರಿಸ್ಟೋಫೀನ್’. ಬೆಂಗಳೂರಿನ ಅಂಗಡಿಗಳಲ್ಲಿ ‘ಚೌ ಚೌ’ ಎಂದು ಬರೆದಿರುವುದೂ ಉಂಟು. ಇಂಗ್ಲೆಂಡಿನ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗದೆ ಬೇಸರಪಡುವವರು ಕೆರಿಬಿಯನ್ ತರಕಾರಿ ಅಂಗಡಿಗೆ ಹೋಗಿ ‘ಚೋ ಚೋ’, ‘ಕ್ರಿಸ್ಟೋಫೀನ್’ ಎಂಬ ಹೆಸರುಗಳಲ್ಲಿ ಕೇಳಬೇಕು. ಎಳೆಯದನ್ನೇ ಆರಿಸಿ. ಬಲಿತದ್ದರಲ್ಲಿ ತುದಿಯ ಸೀಳು ಬಿಟ್ಟುಕೊಂಡು ಒಳಗಿನ ಬೀಜ ಹೊರಗೆ ಇಣುಕುತ್ತಿರುತ್ತದೆ, ಅದು ನಾರಾಗಿರುತ್ತದೆ. ಸಿಪ್ಪೆ ತೆಗೆಯುವಾಗ ಒಸರುವ ಅಂಟು ಒಣಗಿ ಕೈಯ ಚರ್ಮ ಬಿಗಿಯುತ್ತದೆ. ಕೈಗೆ ಎಣ್ಣೆ ಸವರಿಕೊಳ್ಳಿ, ಇಲ್ಲವೇ ನಲ್ಲಿ ನೀರಿನಡಿ ಹೆರೆಯಿರಿ.

ಅದೇ ಕೆರಿಬಿಯನ್ ಅಂಗಡಿಯಲ್ಲಿ ನಮ್ಮವರಿಗೆ ಬೇಕಾದ್ದು ಇನ್ನೂ ಇದೆ. ‘ಗುಂಗೊ ಪೀಸ್’ ಎಂದರೆ ಇಡಿಯ ತೊಗರಿಕಾಳು. ಜಮೈಕಾದ ‘ಕಲಲೂ’ ಎಂದರೆ ದಂಟಿನ ಸೊಪ್ಪಿನ ಜಾತಿ. ಡಬ್ಬಿಯದಾದರೆ ಉಪ್ಪುನೀರಿನಲ್ಲಿರುತ್ತದೆ, ಬಸಿದು ತೊಳೆದು ಹುಳಿಗೆ ಹಾಕಿ, ಉಪ್ಪು ಆಮೇಲೆ ರುಚಿ ನೋಡಿ ಸೇರಿಸಿ. ಟ್ರಿನಿಡಾಡಿನವರ ‘ಕಲಲೂ’ ಬೇರೆ: ಅವರು ಅದನ್ನು ‘ಡಶೀನ್’ ಎಲೆಯಿಂದ ಮಾಡುತ್ತಾರೆ, ಅದು ನಮ್ಮ ಕೆಸುವು. ಮಲೆನಾಡು, ಕರಾವಳಿಯವರಿಗೆ ಪತ್ರೊಡೆಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಾರದು. ಆದರೆ ದಂಟೆಂದುಕೊಂಡು ಅರೆಬೇಯಿಸಿ ತಿಂದರೆ ಗಂಟಲು ತುರಿಸುತ್ತದೆ. ಎಲೆಯಲ್ಲಿರುವ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಕಾರಣ. ಹುಣಸೆಹುಳಿ ಹಾಕಿ ಪೂರ್ತಿ ಬೇಯಿಸಬೇಕು. ಭಾರತೀಯ ಅಂಗಡಿಯ ಫ್ರೀಜರಿನಲ್ಲೂ ಒಂದು ಮಾತು ಗಮನಿಸಿ: ಅವರೆಕಾಳು ಬೇಕಿದ್ದರೆ ‘ಪಾಪ್ಡಿ ಲಿಲ್ವಾ’ ಎಂದಿರುವ ಪೊಟ್ಟಣ ತನ್ನಿ. ‘ತುವರ್ ಲಿಲ್ವಾ’ ಹಸಿ ತೊಗರಿಕಾಳು. ಬರೀ ‘ಲಿಲ್ವಾ’ ಎಂಬಷ್ಟನ್ನೇ ಓದಿ ತಂದರೆ ಹಿತಕಿದ ಬೇಳೆ ಸಾರು ಆಗದು.

ಸಸ್ಯಾಹಾರಿಗಳಿಗೆ ಕೆಲವು ಎಚ್ಚರಿಕೆಗಳು. ಭಾರತದ ಹಸಿರು ಚುಕ್ಕಿಗೆ ಸಮನಾದ ಗುರುತು ಇಲ್ಲಿನ ಪೊಟ್ಟಣಗಳ ಮೇಲೆ ಕಡ್ಡಾಯವಲ್ಲ. ‘ವೆಜಿಟೇರಿಯನ್’ ಎಂಬುದರಲ್ಲಿ ಮೊಟ್ಟೆ ಸೇರಿರಬಹುದು. ಮೊಟ್ಟೆ ಬೇಡವಾದರೆ ‘ವೀಗನ್’ ಗುರುತು ಹುಡುಕುವುದು ಸುಲಭ. ‘ಕರ್ಡ್’ ಕೇಳಿದರೆ ಇಲ್ಲಿ ‘ಲೆಮನ್ ಕರ್ಡ್’ ತೋರಿಸುತ್ತಾರೆ, ಅದರಲ್ಲಿ ಮೊಟ್ಟೆ ಇದೆ. ಮೊಸರಿಗೆ ‘ಯೋಗರ್ಟ್’ ಎನ್ನಿ. ಅಮೆರಿಕದಲ್ಲಿ ‘ಜೆಲ್ಲಿ’ ಬ್ರೆಡ್ಡಿಗೆ ಸವರುವ ಹಣ್ಣಿನ ಪಾಕ. ಇಲ್ಲಿ ಅದು ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಹಾಕಿದ ಸಿಹಿ. ಆಸ್ಟ್ರೇಲಿಯಾದ ‘ಥಿಕನ್ಡ್ ಕ್ರೀಮ್’ ಕೆಲವದರಲ್ಲೂ ಜೆಲಟಿನ್ ಇರುತ್ತದೆ, ಬಾಸುಂದಿಗೆ ಸುರಿಯುವ ಮೊದಲು ಡಬ್ಬಿಯ ಹಿಂಭಾಗ ಓದಿ. ಕ್ರಿಸ್‌ಮಸ್ ಹೊತ್ತಿಗೆ ಕಾಣುವ ‘ಮಿನ್ಸ್ ಮೀಟ್’ ಹೆಸರಿಗೆ ಮಾಂಸ, ಒಳಗಿರುವುದು ಒಣಹಣ್ಣು. ಆದರೆ ಹಳೆಯ ಪದ್ಧತಿಯದರಲ್ಲಿ ‘ಸೂಯೆಟ್’, ಅಂದರೆ ದನದ ಕೊಬ್ಬು, ಹಾಕುತ್ತಾರೆ. ‘ವೆಜಿಟಬಲ್ ಸೂಯೆಟ್’ ಎಂದು ಬರೆದಿದ್ದರೆ ಮಾತ್ರ ಮುಟ್ಟಿ.

ಊರಿನಿಂದ ಅಪ್ಪ ಅಮ್ಮ ಬಂದಿರುವ ಮನೆಯವರು ಈ ಭಾಗವನ್ನು ಎರಡು ಸಲ ಓದಬೇಕೆಂದು ನಮ್ಮ ವಿನಂತಿ. ಭಾರತದಲ್ಲೂ ಅಮೆರಿಕದಲ್ಲೂ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿಯದು ಸಿಗುತ್ತದೆ: 126 ಎಂದರೆ 7, 180 ಎಂದರೆ 10. ಇಲ್ಲಿನ ನರ್ಸ್ 15 ಎಂದರೆ ಅದು ನಮ್ಮ ಲೆಕ್ಕದಲ್ಲಿ 270. ಹದಿನೈದು ಎಂಬುದನ್ನು ಕೇಳಿ ಸಕ್ಕರೆ ತೀರಾ ಇಳಿದಿದೆ ಎಂದುಕೊಂಡು ಸಿಹಿ ತಿನ್ನಿಸಿದರೆ ಅಪಾಯ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಹೀಗೆಯೇ. ನಮ್ಮಲ್ಲಿಯ ಶೇಕಡಾ 6.5 ಇಲ್ಲಿಯ ವರದಿಯಲ್ಲಿ 48, ಶೇಕಡಾ 7 ಎಂದರೆ 53. ಜ್ವರದ ಪ್ಯಾರಾಸಿಟಮಾಲ್ ಅಮೆರಿಕ, ಕೆನಡಾದಲ್ಲಿ ‘ಅಸಿಟಮಿನೋಫೆನ್’. ಇವೆರಡೂ ಒಂದೇ ಔಷಧಿ, ಎರಡೆಂದು ತಿಳಿದು ಜೊತೆಜೊತೆಗೆ ನುಂಗಬಾರದು. ಊರಿಂದ ತಂದ ಮಾತ್ರೆ 650 ಮಿಲಿಗ್ರಾಂ ಇರಬಹುದು, ಇಲ್ಲಿಯದು 500. ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು, ನೆಗಡಿಯ ಪುಡಿಗಳಲ್ಲಿರುವುದನ್ನೂ ಅದರಲ್ಲೇ ಎಣಿಸಬೇಕು. ಉಬ್ಬಸದ ಸಾಲ್ಬುಟಮಾಲ್ ಅಮೆರಿಕದಲ್ಲಿ ‘ಆಲ್ಬ್ಯುಟರಾಲ್’. ತುರ್ತು ಕರೆಗೆ ಇಲ್ಲಿ 999, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡಿನಲ್ಲಿ 111. ಇಂಗ್ಲೆಂಡಿನಲ್ಲಿ 111 ಇರುವುದು ಪ್ರಾಣಕ್ಕೆ ಅಪಾಯವಿಲ್ಲದ ಸಲಹೆಗಳಿಗೆ. ಆಕ್ಲೆಂಡಿನಿಂದ ಬಂದ ನೆಂಟರಿಗೆ ಇದನ್ನು ಮೊದಲ ದಿನವೇ ಹೇಳಿಡಿ.

ಕರೆದ ಕಡೆಗೆ ಹೋಗುವಾಗಲೂ ಪದ ಬಿಡಿಸಿ ಕೇಳಿ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ‘ಟೀಗೆ ಬನ್ನಿ’ ಎಂದರೆ ಅದು ಸಂಜೆಯ ಊಟ. ಬರೀ ಚಹಾ ಎಂದುಕೊಂಡು ಮನೆಯಲ್ಲಿ ಉಂಡು ಹೋದರೆ ಬಡಿಸಿದವರಿಗೆ ನೋವಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ‘ಒಂದು ಪ್ಲೇಟ್ ತನ್ನಿ’ ಎಂದರೆ ತಟ್ಟೆ ತುಂಬ ಹಂಚಿ ತಿನ್ನುವ ತಿಂಡಿ ತರಬೇಕು, ಖಾಲಿ ತಟ್ಟೆಯಲ್ಲ. ‘ಹಾಫ್ ಫೈವ್’ ಇಲ್ಲಿ ಐದೂವರೆ. ಅಮೆರಿಕದವರ ‘ಕ್ವಾರ್ಟರ್ ಆಫ್ ಫೋರ್’ ಮೂರೂ ಮುಕ್ಕಾಲು. ಅವರ ಮೊದಲನೇ ಮಹಡಿ ನಮ್ಮ ನೆಲಮಹಡಿ.

ಉಚ್ಚಾರಣೆಯ ಬಗ್ಗೆ ನಮ್ಮವರಿಗೆ ಅನಗತ್ಯ ಸಂಕೋಚವಿದೆ. ಬರೆದ ‘ರ’ವನ್ನೆಲ್ಲ ನಾವು ಉಚ್ಚರಿಸುತ್ತೇವೆ, ಸ್ಕಾಟ್ಲೆಂಡಿನವರೂ ಹೆಚ್ಚಿನ ಅಮೆರಿಕನ್ನರೂ ಹಾಗೇ ಮಾಡುತ್ತಾರೆ. ಲಂಡನ್ನಿನಲ್ಲಿ, ಸಿಡ್ನಿಯಲ್ಲಿ ‘ಕಾರ್’ ಎಂಬುದು ‘ಕಾ’ ಆಗುತ್ತದೆ. ಆಸ್ಟ್ರೇಲಿಯಾದವರ ‘ಟುಡೇ’ ನಮ್ಮ ಕಿವಿಗೆ ‘ಟುಡೈ’, ನ್ಯೂಜಿಲೆಂಡಿನವರ ‘ಪೆನ್’ ನಮಗೆ ‘ಪಿನ್’. ತಿದ್ದಿಕೊಳ್ಳಬೇಕಾದ್ದು ಎರಡೇ ಕಡೆ. ಒಂದು, ನಮ್ಮ ಒಂದೇ ‘ವ’ ಅವರ ‘ವಿ’, ‘ಡಬ್ಲ್ಯೂ’ ಎಂಬ ಎರಡು ಅಕ್ಷರಗಳ ಕೆಲಸ ಮಾಡುತ್ತದೆ. ‘ವೈನ್’ ಎಂದಾಗ ಬಳ್ಳಿಯೋ ಮದ್ಯವೋ ಅವರಿಗೆ ತಿಳಿಯದು. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಮದ್ಯಕ್ಕೆ ಹಲ್ಲು ತಾಗದೆ ತುಟಿ ಗುಂಡಗಾಗಬೇಕು, ಸೀಟಿ ಹೊಡೆಯುವ ಹಾಗೆ. ಫೋನಿನಲ್ಲಿ ಪೋಸ್ಟ್‌ಕೋಡ್ ಹೇಳುವಾಗ ‘ವಿ’ಗೆ ‘ವಿಕ್ಟರ್’, ‘ಡಬ್ಲ್ಯೂ’ಗೆ ‘ವಿಸ್ಕಿ’, ‘ಎ’ಗೆ ‘ಆಲ್ಫಾ’, ‘ಇ’ಗೆ ‘ಎಕೊ’ ಎಂದು ಪದ ಹಿಡಿದು ಹೇಳಿದರೆ ಪಾರ್ಸೆಲ್ ಬೇರೆ ಬೀದಿಗೆ ಹೋಗುವುದಿಲ್ಲ. ಇನ್ನೊಂದು, ‘ಕ್ಯಾನ್’ ಮತ್ತು ‘ಕ್ಯಾಂಟ್’. ಅಮೆರಿಕದವರು ಕೊನೆಯ ‘ಟ್’ ನುಂಗುತ್ತಾರೆ. ಆಗುತ್ತದೆ ಎನ್ನುವಾಗ ಪದ ಚಿಕ್ಕದಾಗಿ ‘ಕನ್’ ಎಂದು ಜಾರುತ್ತದೆ, ಆಗದು ಎನ್ನುವಾಗ ಒತ್ತಿ ನಿಲ್ಲುತ್ತದೆ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ನೀವು ‘ಕ್ಯಾನಾಟ್’ ಎಂದು ಪೂರ್ತಿ ಹೇಳಿಬಿಡಿ.

ಅಡುಗೆ ಪುಟಕ್ಕೆ ಕಳಿಸುವವರು ಇನ್ನು ಮುಂದೆ ಸಾಮಾನಿನ ಕನ್ನಡ ಹೆಸರನ್ನು ಮೊದಲು ಬರೆದು, ಪಕ್ಕದಲ್ಲಿ ನೀವು ಕೊಂಡ ಅಂಗಡಿಯಲ್ಲಿ ಅದಕ್ಕಿರುವ ಹೆಸರು, ಊರು, ತೂಕ ಸೇರಿಸಿ. ಲೋಟದಲ್ಲಿ ಅಳೆದಿದ್ದರೆ ಆ ಲೋಟಕ್ಕೆ ನೀರು ತುಂಬಿ ಅಡುಗೆ ತಕ್ಕಡಿಯ ಮೇಲಿಟ್ಟು ತೂಗಿ, ಖಾಲಿ ಲೋಟದ ತೂಕ ಕಳೆಯಿರಿ. ಉಳಿದ ಗ್ರಾಂ ಎಷ್ಟೋ ಅಷ್ಟು ಮಿಲಿಲೀಟರ್ ಹಿಡಿಯುವ ಲೋಟ ಅದು. ಆ ಒಂದು ಅಂಕಿಯನ್ನು ಮೇಲ್ಗಡೆ ಬರೆದರೆ ಸಾಕು, ಉಳಿದ ಲೆಕ್ಕ ನಾವು ಮಾಡಿಕೊಳ್ಳುತ್ತೇವೆ.

ಸಂಪಾದಕರು